ಹೆಬ್ಬಾತುಗಳು ಬೇಗ ಹೋದ ವರ್ಷ

ಅವರು ಹಕ್ಕಿಯ ಕಡೆ ಎಂದೂ ಬೆರಳು ತೋರಿಸುತ್ತಿರಲಿಲ್ಲ. ಗದ್ದವನ್ನು ಒಂದಿಷ್ಟು ಮುಂದಕ್ಕೆ ಚಾಚಿ ‘ಅಗಾ’ ಎನ್ನುತ್ತಿದ್ದರು. ನಾವು ಆ ಗದ್ದದ ನೇರಕ್ಕೆ ನೋಡಬೇಕಿತ್ತು. ಕೈ ಎತ್ತಿದರೆ ಹಕ್ಕಿ ಅದನ್ನು ಕಲ್ಲು ಬೀಸುವ ಕೈ ಎಂದೇ ತಿಳಿಯುತ್ತದೆ ಎಂಬುದು ಅವರ ಅನುಭವ. ರೂಢಿ ಎಷ್ಟು ಬಲಿತಿತ್ತೆಂದರೆ ಬಿಳಿಚೋಡಿನ ಸಂತೆಯಲ್ಲಿ ಬದನೆಕಾಯಿ ತೋರಿಸುವಾಗಲೂ ಗದ್ದವೇ ಮುಂದೆ ಬರುತ್ತಿತ್ತು. ತರಕಾರಿಯವಳು ‘ಯಾವುದಪ್ಪಾ, ಬಾಯಿಬಿಟ್ಟು ಹೇಳು’ ಎಂದು ರೇಗುತ್ತಿದ್ದಳು.

ಜಗಳೂರು ತಾಲ್ಲೂಕಿನ ಆ ಹಳ್ಳಿಯ ಹೈಸ್ಕೂಲಿಗೆ ನಾನು ವಿಜ್ಞಾನದ ಮೇಷ್ಟ್ರಾಗಿ ಹೋದಾಗ ಅವರಿಗೆ ಐವತ್ತರ ಹತ್ತಿರ. ಒಣಕಲು ಮೈ, ಸದಾ ಒದ್ದೆಯಾಗಿರುವಂತೆ ಕಾಣುವ ಸಣ್ಣ ಕಣ್ಣು. ಬೇಸಿಗೆಯಲ್ಲಿ ಕೂಲಿ, ಮಳೆಗಾಲದಲ್ಲಿ ಯಾರದೋ ಹೊಲದಲ್ಲಿ ಪಾಲು, ಚಳಿಗಾಲದಲ್ಲಿ ಮಾತ್ರ ಅವರದೇ ಕಸುಬು: ಕೆರೆಗೆ ಬರುವ ಬಾತು ಹಿಡಿಯುವುದು. ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಬೈಯುವವರೂ ಅವರ ಮನೆಗೇ ಹೋಗಿ ಬಾತು ತರುತ್ತಿದ್ದರು.

ಹಿಡಿಯುತ್ತಿದ್ದ ಬಗೆಯನ್ನು ಒಮ್ಮೆ ನನಗೆ ಮಾಡಿಯೇ ತೋರಿಸಿದರು. ಮೊದಲು ನಾಲ್ಕಾರು ದಿನ ಬರೀ ಮಡಕೆಗಳನ್ನು ನೀರಿನಲ್ಲಿ ತೇಲಿಬಿಡುವುದು. ಬಾತುಗಳು ಮೊದಲು ಹೆದರುತ್ತವೆ, ಆಮೇಲೆ ಮಡಕೆಯ ಪಕ್ಕದಲ್ಲೇ ಮೇಯುತ್ತವೆ. ಅವು ಹೊಂದಿಕೊಂಡ ಮೇಲೆ ತೂತು ಕೊರೆದ ಒಂದು ಮಡಕೆಯನ್ನು ತಲೆಗೆ ಬೋರಲು ಹಾಕಿಕೊಂಡು ಕುತ್ತಿಗೆವರೆಗೆ ನೀರಿಗಿಳಿಯುವುದು. ಹಕ್ಕಿಗಳ ನಡುವೆ ಇನ್ನೊಂದು ಮಡಕೆ ತೇಲಿ ಬಂದಂತೆ ನಿಧಾನ ಹೋಗಿ, ನೀರೊಳಗಿಂದ ಕಾಲು ಹಿಡಿದು ಎಳೆಯುವುದು. ಪಕ್ಕದ ಹಕ್ಕಿಗೂ ಗೊತ್ತಾಗಬಾರದು.

‘ಉಸಿರು ಬಿಗಿ ಹಿಡಿಯಾದು ಕಷ್ಟ ಅಲ್ಲ ಮೇಷ್ಟ್ರೇ. ಮಡಕೆ ಒಳಗೆ ಸೀನು ಬರ್ತೈತಲ್ಲ, ಅದನ್ನ ತಡಿಯಾದು ಕಷ್ಟ’ ಎಂದು ನಕ್ಕರು.

ಇಂಥವರು ಬಾತು ಹಿಡಿಯುವುದನ್ನು ಬಿಟ್ಟದ್ದು ಒಂದು ಹೆಬ್ಬಾತಿನಿಂದ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಈ ದೊಡ್ಡ ಹಕ್ಕಿಗಳು ದೀಪಾವಳಿ ಕಳೆದ ಮೇಲೆ ಬಂದು, ಹಗಲೆಲ್ಲ ಕೆರೆಯಲ್ಲಿದ್ದು, ಕತ್ತಲಾಗುವ ಹೊತ್ತಿಗೆ ಕಡಲೆ ಹೊಲಕ್ಕೆ ಮೇಯಲು ಇಳಿಯುತ್ತವೆ. ಹೊಲದಲ್ಲಿ ಅವರು ಹೂಡಿದ್ದ ಕುಣಿಕೆಗೆ ಒಂದು ಬೆಳಗ್ಗೆ ಬಿದ್ದಿದ್ದ ಹೆಬ್ಬಾತಿನ ಕೊರಳಲ್ಲಿ ಹಸಿರು ಪಟ್ಟಿ ಇತ್ತು, ಅದರ ಮೇಲೆ ಏನೋ ಬರೆದಿತ್ತು. ಯಾರೋ ಸಾಕಿದ್ದು ಎಂದು ಹೆದರಿ ಅದನ್ನು ಬಿಟ್ಟುಬಿಟ್ಟರು. ಬರೆದದ್ದನ್ನು ಓದಲು ಬಾರದ ಕಾರಣ ಅಕ್ಷರಗಳ ಆಕಾರವನ್ನು ಇದ್ದಿಲಿನಲ್ಲಿ ಅಂಗೈ ಮೇಲೆ ಗೀಚಿಕೊಂಡು ನೇರ ಸ್ಕೂಲಿಗೆ ಬಂದರು.

‘ಇದು ಯಾರ ಮನೇದು ಮೇಷ್ಟ್ರೇ? ಅವ್ರಿಗೆ ಹೇಳ್ಬಿಡ್ರಿ, ನಾನು ಏನೂ ಮಾಡಿಲ್ಲ, ಬಿಟ್ಟೀನಿ ಅಂತ.’

ನಾನು ಅವರನ್ನು ತರಗತಿಗೆ ಕರೆದುಕೊಂಡು ಹೋಗಿ ಭೂಪಟ ತೋರಿಸಿದೆ. ಮಂಗೋಲಿಯಾ ಇಲ್ಲಿ, ಹಿಮಾಲಯ ಇಲ್ಲಿ, ನಾವು ಇಲ್ಲಿ. ಅಲ್ಲಿನ ಜನ ಇದರ ದಾರಿ ತಿಳಿಯಲಿಕ್ಕೆ ಪಟ್ಟಿ ಕಟ್ಟಿರುತ್ತಾರೆ ಎಂದೆ. ಬಹಳ ಹೊತ್ತು ಭೂಪಟ ನೋಡುತ್ತ ನಿಂತರು.

‘ಪಟ್ಟಿ ಇಲ್ದವು?’

‘ಅವೂ ಅಲ್ಲಿಂದಲೇ ಬಂದಿರೋದು.’

‘ನಾವು ತಿಂದವೂ?’

ನಾನು ಹೌದೆಂದೆ. ಅವರು ಅಂಗೈ ಮೇಲಿನ ಇದ್ದಿಲನ್ನು ಲುಂಗಿಗೆ ಒರೆಸಿಕೊಂಡು ಹೊರಟುಹೋದರು. ಆಮೇಲೆ ಆ ಮಡಕೆ ತಲೆಗೇರಲಿಲ್ಲ. ಹಸಿವಿನ ದಿನಗಳೂ ಬಂದವು, ನನಗೆ ಗೊತ್ತು. ಆದರೂ ಏರಲಿಲ್ಲ.

ಎರಡು ವರ್ಷದ ಮೇಲೆ ಊರಿನ ಕೆರೆ ಸಮಿತಿಯವರು ಹಕ್ಕಿ ಕಾಯಲು ಒಬ್ಬ ವಾಚರ್‌ನನ್ನು ನೇಮಿಸಿಕೊಳ್ಳುವ ಮಾತು ಬಂದಾಗ ನಾನೇ ಅವರ ಹೆಸರು ಹೇಳಿದೆ. ಸಮಿತಿಯವರು ನಕ್ಕರು. ‘ಅವನು ಮಾತು ತಪ್ಪಿದ್ರೆ ನನ್ನ ಕೇಳ್ರಿ’ ಎಂದು ನಾನು ಹೊಣೆ ಹೊತ್ತೆ. ಅದನ್ನು ಹೇಳುವಾಗ ನನಗೆ ನನ್ನ ಮೇಲೆಯೇ ಬಹಳ ಮೆಚ್ಚಿಕೆ ಉಂಟಾಗಿತ್ತು.

ಆ ಹೊತ್ತಿಗೆ ನಾನು ಸುತ್ತಿನ ಒಂದು ಹಕ್ಕಿ ಬಳಗ ಸೇರಿದ್ದೆ. ಪ್ರತಿ ಭಾನುವಾರ ಬೆಳಗ್ಗೆ ನಮ್ಮ ನಮ್ಮ ಕೆರೆಗೆ ಹೋಗಿ, ಯಾವ ಹಕ್ಕಿ ಎಷ್ಟು ಎಂದು ಎಣಿಸಿ, ಹಾಳೆ ತುಂಬಿ, ಅದರ ಫೋಟೋವನ್ನು ಬಳಗದ ವಾಟ್ಸಾಪಿಗೆ ಹಾಕುವುದು. ಹಾಳೆ ತುಂಬುವುದು ನಾನಾದರೂ ಅದರ ಹೂರಣವೆಲ್ಲ ಅವರದು. ‘ಇವು ಇನ್ನು ಹತ್ತು ದಿನ ಇರ್ತಾವೆ’ ಎಂದರೆ ಹತ್ತೇ ದಿನ. ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಹೆಬ್ಬಾತು ನೀರಿಗೆ ಇಳಿಯುವುದನ್ನು ನೋಡಲು ಹೇಳಿದರು. ‘ಬಂದ ಹೊಸದ್ರಾಗೆ ಹಗುರ ಇರ್ತಾವೆ, ಕಾಲಿಟ್ಟ ಜಾಗದಾಗೇ ಕೂರ್ತಾವೆ. ಹೊರಡಾಕೆ ಮುಂಚೆ ತಿಂದೂ ತಿಂದೂ ಮೈ ಕೂಡಿರ್ತೈತೆ, ನೀರ ಮ್ಯಾಲೆ ದೂರದ ಗಂಟ ಜಾರ್ತಾವೆ. ಆ ಜಾರು ನೋಡಿ ಹೇಳ್ತೀನಿ.’ ಹೆಬ್ಬಾತುಗಳನ್ನು ಅವರು ‘ಬೀಗರು’ ಎಂದು ಕರೆಯುತ್ತಿದ್ದರು. ಬರುತ್ತವೆ, ಗದ್ದಲ ಮಾಡುತ್ತವೆ, ಚೆನ್ನಾಗಿ ಉಣ್ಣುತ್ತವೆ, ಹೋಗುವಾಗ ಹೇಳಿಹೋಗುವುದಿಲ್ಲ.

ಅವರ ಒಬ್ಬಳೇ ಮಗಳು ನಾನು ಹೇಳಹೊರಟ ವರ್ಷ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿ. ವಿಜ್ಞಾನದಲ್ಲಿ ಚುರುಕು. ಅಪ್ಪ ಓದಲಾರದ್ದನ್ನು ಅವಳು ಓದಿ ಹೇಳುತ್ತಿದ್ದಳು. ಮೇಷ್ಟ್ರು ಹೇಳಿದ್ದೆಂದರೆ ಅವಳಿಗೆ ಮುಗಿಯಿತು.

ಇನ್ನು ಆ ವರ್ಷದ ಮಾತು.

ಆ ವರ್ಷ ಚಳಿ ಬರಲೇ ಇಲ್ಲ. ಸಂಕ್ರಾಂತಿಗೂ ಫ್ಯಾನು ತಿರುಗುತ್ತಿತ್ತು. ಸೊಕ್ಕೆ ಕಡೆಯಿಂದ ಬರುತ್ತಿದ್ದ ನಮ್ಮ ಹೆಡ್‌ಮಾಸ್ಟರು ಒಂದು ದಿನವೂ ಸ್ವೆಟರು ಹಾಕಲಿಲ್ಲ. ಅದೇ ವರ್ಷ ನಾನು ನನ್ನ ಊರಾದ ನ್ಯಾಮತಿಯಲ್ಲಿ ಮನೆ ಕಟ್ಟಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸೋಮವಾರ ಬೆಳಗ್ಗೆ ವಾಪಸು. ಭಾನುವಾರ ಪೂರ್ತಿ ಗಾರೆಯವರ ಹಿಂದೆ. ಕೆರೆಗೆ ಹೋಗಲಿಲ್ಲ. ಹೋಗಲಿಲ್ಲ ಎಂದು ಬಳಗಕ್ಕೆ ಹೇಳಲಿಕ್ಕೆ ನಾಚಿಕೆಯಾಯಿತು, ಏಕೆಂದರೆ ನಾಲ್ಕು ವರ್ಷ ಒಂದೂ ವಾರ ತಪ್ಪಿಸದವನು ಎಂದು ಅಧ್ಯಕ್ಷರು ಎಲ್ಲರೆದುರು ನನ್ನನ್ನು ಹೊಗಳಿದ್ದರು. ಹಿಂದಿನ ವರ್ಷದ ಹಾಳೆ ತೆಗೆದು, ಅಲ್ಲಿದ್ದುದಕ್ಕೆ ಅಷ್ಟಿಷ್ಟು ಕೂಡಿಸಿ ಕಳೆದು, ಹೆಬ್ಬಾತು ಮುನ್ನೂರರ ಆಸುಪಾಸು ಎಂದು ಬರೆದು ಕಳಿಸಿದೆ. ಮೂರು ಭಾನುವಾರ ಹೀಗೆ ಮಾಡಿದೆ.

ಮೊದಲನೆಯ ಭಾನುವಾರ ಭರತ ಹುಣ್ಣಿಮೆ. ಮಾರನೆಯ ದಿನ ಸೋಮವಾರ ನಾನು ಬಸ್ಸಿಳಿದು ಶಾಲೆಗೆ ಓಡುತ್ತಿದ್ದಾಗ ಅವರು ಗೇಟಿನ ಬಳಿ ನಿಂತಿದ್ದರು.

‘ಬೀಗ್ರು ಹೊಂಟೋದ್ರು ಮೇಷ್ಟ್ರೇ. ಇವತ್ತು ಬೆಳಕು ಹರಿಯಾಕೆ ಮುಂಚೆ. ಒಂದೂ ಉಳಿದಿಲ್ಲ.’

‘ಇಷ್ಟು ಬೇಗ ಎಲ್ಲಿಗೆ ಹೋಗ್ತಾವ್ರಿ? ಹೋಳಿ ಹುಣ್ಣಿಮೆ ತನಕ ಇರೋವು. ಬೇರೆ ಕೆರೆಗೆ ಮೇಯಾಕೆ ಹೋಗಿರ್ಬೇಕು, ಬರ್ತಾವೆ.’

‘ಇಲ್ಲ ಮೇಷ್ಟ್ರೇ. ಈ ಸಲ ಮಾಗಿ ಚಳಿನೇ ಬೀಳ್ಲಿಲ್ಲ, ಅವುಕ್ಕೆ ಲೆಕ್ಕ ತಪ್ಪೈತೋ, ನಮಗೇ ತಪ್ಪೈತೋ. ಎಂಟು ದಿನದಿಂದ ಜಾರ್ತಿದ್ವು. ನಿಮಗೆ ತೋರಿಸಾನ ಅಂತ ನಿನ್ನೆ ಕಾದೆ. ನೀವು ಬರ್ಲಿಲ್ಲ.’

ಬೆಲ್ಲು ಹೊಡೆಯಿತು. ನೋಡೋಣ ಎಂದು ಒಳಗೆ ಹೋದೆ. ಕೆರೆ ಶಾಲೆಯಿಂದ ಮೂರೇ ಕಿಲೋಮೀಟರು. ಆ ಮೂರು ವಾರದಲ್ಲಿ ಯಾವ ಸಂಜೆ ಬೇಕಾದರೂ ಹೋಗಬಹುದಿತ್ತು. ಹೋಗಲಿಲ್ಲ. ಪರೀಕ್ಷೆ, ಸ್ಪೆಷಲ್ ಕ್ಲಾಸು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಹೋಗಿ ನೋಡಿದರೆ ಕಳಿಸಿದ ಹಾಳೆಯನ್ನು ತಿದ್ದಬೇಕಾಗುತ್ತಿತ್ತು.

ಶಿವರಾತ್ರಿ ಕಳೆದ ಮುಂದಿನ ಭಾನುವಾರ ಬಳಗದವರು ನಮ್ಮ ಕೆರೆಯಲ್ಲಿ ಹಕ್ಕಿ ನೋಡುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನನ್ನ ಹಾಳೆ ನಂಬಿಯೇ ಇಟ್ಟಿದ್ದರು. ದಾವಣಗೆರೆ, ಹೊನ್ನಾಳಿ ಕಡೆಯಿಂದ ಸುಮಾರು ನಲವತ್ತು ಜನ ದುರ್ಬೀನು, ಕ್ಯಾಮೆರಾ ಹೊತ್ತು ಬಂದರು. ನಮ್ಮ ಶಾಲೆಯ ಮಕ್ಕಳೂ ಇದ್ದರು. ಏರಿ ಹತ್ತಿ ನೋಡಿದರೆ ನೀರಿನ ಮೇಲೆ ಒಂದಷ್ಟು ನಾಮದ ಕೋಳಿ, ನಾಲ್ಕು ಬೆಳ್ಳಕ್ಕಿ. ಮತ್ತೇನೂ ಇರಲಿಲ್ಲ.

ಬಳಗದ ಅಧ್ಯಕ್ಷರು ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವವರು, ಹಕ್ಕಿಯೆಂದರೆ ಜೀವ. ಅವರು ಫೋನು ತೆಗೆದು ನನ್ನ ಹಾಳೆಯನ್ನು ಜೋರಾಗಿ ಓದಿದರು. ‘ಹೋದ ಭಾನುವಾರ ಮುನ್ನೂರು ಅಂತ ಕಳ್ಸೀರಿ ಮೇಷ್ಟ್ರೇ. ಏಳು ದಿನದಾಗೆ ಮುನ್ನೂರು ಹಕ್ಕಿ ಎಲ್ಲಿ ಹೋದ್ವು?’

ಯಾರೋ ಹಿಂದಿನಿಂದ, ‘ಕಾವಲಿಗೆ ಯಾರನ್ನ ಇಟ್ಟಾರೆ ಅಂತ ಮೊದಲು ಕೇಳ್ರಿ’ ಎಂದರು.

ಎಲ್ಲರೂ ಕಾವಲಿಗಿದ್ದ ಅವರ ಕಡೆ ತಿರುಗಿದರು. ಅವರು ಸಮಿತಿಯವರು ಕೊಟ್ಟ ಖಾಕಿ ಅಂಗಿ ಹಾಕಿಕೊಂಡು, ಅತಿಥಿಗಳು ಬರುತ್ತಾರೆಂದು ತಲೆ ಬಾಚಿಕೊಂಡು ಬಂದಿದ್ದರು.

‘ತಾವಾಗೇ ಹೋದ್ವು ಸಾಹೇಬ್ರೇ’ ಎಂದರು.

‘ಯಾವಾಗ?’

‘ಭರತ ಹುಣ್ಣಿಮೆ ಮಾರನೇ ದಿನ. ಮೇಷ್ಟ್ರಿಗೆ ಹೇಳೀನಿ.’

ಈಗ ಎಲ್ಲರೂ ನನ್ನ ಕಡೆ ತಿರುಗಿದರು. ಆಗ ನಾನು ಆಡಿದ ಮಾತು ಇದು, ಒಂದಕ್ಷರವೂ ಮರೆತಿಲ್ಲ: ‘ಅವನು ಏನೋ ಹೇಳ್ದ. ಆದ್ರೆ ನನ್ನ ಎಣಿಕೆಯಲ್ಲಿ ಹೋದ ವಾರನೂ ಇದ್ವು.’

ಅಷ್ಟು ವರ್ಷ ನನ್ನ ಬಾಯಲ್ಲಿ ಎದುರಿಗೆ ‘ನೀವು’ ಆಗಿದ್ದವರು ಎದುರಿಗೇ ‘ಅವನು’ ಆದರು. ಅವರು ನನ್ನನ್ನು ಒಮ್ಮೆ ನೋಡಿದರು. ಸಿಟ್ಟಿನಿಂದಲ್ಲ. ಮುಂದೆ ಏನೋ ಹೇಳುತ್ತೇನೆಂದು ಕಾಯುವವರ ಹಾಗೆ. ನಾನು ದುರ್ಬೀನು ಎತ್ತಿಕೊಂಡು ಖಾಲಿ ನೀರನ್ನು ನೋಡತೊಡಗಿದೆ.

ಆಮೇಲಿನದು ಬೇಗ ನಡೆದುಹೋಯಿತು. ಸಮಿತಿಯ ಇಬ್ಬರು ಅವರ ಮನೆಗೆ ಹೋದರು. ಹಿತ್ತಲಲ್ಲಿ ಹಳೆಯ ಬಲೆ ಸಿಕ್ಕಿತು. ಅದರ ಮೇಲೆ ಹೀರೆ ಬಳ್ಳಿ ಹಬ್ಬಿಸಿದ್ದರು. ಕಾಯಿ ತೂಗುತ್ತಿದ್ದ ಬಲೆಯನ್ನು ಬಳ್ಳಿ ಸಮೇತ ಕಿತ್ತು ತಂದರು. ಕೆಲಸ ಹೋಯಿತು. ಆ ವಾರ ನಮ್ಮ ಭಾಗದ ಒಂದು ಸಣ್ಣ ಪತ್ರಿಕೆಯಲ್ಲಿ, ಬೇಲಿಯೇ ಹೊಲ ಮೇಯ್ದ ಕಥೆ ಎಂಬಂತೆ ಸುದ್ದಿ ಬಂತು, ಅವರ ಹೆಸರು, ಅವರಪ್ಪನ ಹೆಸರು ಸಮೇತ. ಪೊಲೀಸರವರೆಗೆ ಹೋಗದಂತೆ ನಾನು ‘ನೋಡಿಕೊಂಡೆ’. ಅದಕ್ಕೆ ಊರವರು ನನ್ನನ್ನು ದೊಡ್ಡ ಮನಸ್ಸಿನ ಮನುಷ್ಯ ಎಂದರು.

ತಿಂಗಳೊಳಗೆ ಅಧ್ಯಕ್ಷರ ಫೋನು ಬಂತು. ‘ಮೇಷ್ಟ್ರೇ, ಈ ಸಲ ಎಲ್ಲಾ ಕೆರೆಯಾಗೂ ಹೆಬ್ಬಾತು ಮೂರು ನಾಲ್ಕು ವಾರ ಮುಂಚೇನೇ ಹೋಗ್ಯಾವೆ. ಚಳಿ ಇರ್ಲಿಲ್ಲಲ್ಲ, ಅದಕ್ಕೇ ಅಂತಾರೆ. ನಿಮ್ಮ ಕೆರೆಯದೊಂದೇ ಹಾಳೆ ಬೇರೆ ಹೇಳ್ತೈತೆ. ಸರಿಯಾಗಿ ನೋಡಿದ್ರೇನ್ರಿ?’

ದೇವರು ಇನ್ನೊಂದು ಅವಕಾಶ ಕೊಟ್ಟಿದ್ದ. ಮನೆಗೆ ಆಗ ಬಣ್ಣ ಹೊಡೆಸುತ್ತಿದ್ದೆ. ಏಣಿಯ ಬುಡದಲ್ಲಿ ನಿಂತು, ‘ನಮ್ಮ ಕೆರೆಯಲ್ಲಿ ನೀರು ಜಾಸ್ತಿ ಇತ್ತಲ್ಲ ಸರ್, ಅದಕ್ಕೆ ಉಳಿದಿರಬೇಕು’ ಎಂದೆ.

‘ಹಂಗೂ ಇರಬಹುದು’ ಎಂದು ಅವರು ಫೋನಿಟ್ಟರು.

ಆದರೆ ಇದಕ್ಕಿಂತ ಭಾರವಾದದ್ದು ಬೇರೆ ಇದೆ. ಬೇಸಿಗೆ ರಜೆಗೆ ಮುಂಚಿನ ಒಂದು ಮಧ್ಯಾಹ್ನ ಅವರ ಮಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಕಣ್ಣು ನೆಲದ ಮೇಲೆ. ‘ಸರ್, ನಮ್ಮಪ್ಪ ನಿಮ್ಮ ಮರ್ಯಾದೆ ಕಳೆದ್ರು. ನೀವೇ ಹೊಣೆ ಹೊತ್ತಿದ್ರಿ. ಅವ್ರ ಪರವಾಗಿ ನಾನು ಕ್ಷಮೆ ಕೇಳ್ತೀನಿ ಸರ್.’

ನಾನು ‘ಇರಲಿ ಬಿಡಮ್ಮ. ನೀನು ಚೆನ್ನಾಗಿ ಓದು’ ಎಂದೆ.

ಅವಳು ಚೆನ್ನಾಗಿಯೇ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನಮ್ಮ ಶಾಲೆಯಲ್ಲಿ ಅವಳೇ ಮೊದಲು. ಅಲ್ಲಿಯವರೆಗೆ ಅವರು ಆ ಊರಲ್ಲೇ ಇದ್ದು ಸಿಕ್ಕ ಕೂಲಿ ಮಾಡಿದರು. ದಾರಿಯಲ್ಲಿ ಎದುರಾದರೆ ‘ನಮಸ್ಕಾರ ಮೇಷ್ಟ್ರೇ’ ಎನ್ನುತ್ತಿದ್ದರು. ಆ ನಮಸ್ಕಾರ ತಪ್ಪಿಸಲು ನಾನು ಬಸ್‌ಸ್ಟ್ಯಾಂಡಿಗೆ ಬೇರೆ ಓಣಿ ಹಿಡಿದೆ. ಮಗಳ ಪರೀಕ್ಷೆ ಮುಗಿದ ಮೇಲೆ ಹೆಂಡತಿಯ ತವರಾದ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಗೆ ಹೊರಟುಹೋದರು. ಮುಂದಿನ ವರ್ಷ ನನಗೂ ನ್ಯಾಮತಿ ಕಡೆಗೆ ವರ್ಗವಾಯಿತು. ತಪ್ಪಿಸಿಕೊಂಡೆ ಎಂದುಕೊಂಡವನು ಅವರಿಗೆ ಇನ್ನಷ್ಟು ಹತ್ತಿರವೇ ಬಂದಿದ್ದೆ.

ನಾಲ್ಕು ವರ್ಷ ಹೋಗಲಿಲ್ಲ. ಹೋದ ವರ್ಷ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ‘ಸತ್ಯವನ್ನೇ ನುಡಿಯಲು ಕಲಿಸಿದ ಗುರುಗಳು’ ಎಂದು ಭಾಷಣ ಮಾಡಿದ. ಮೂರನೆಯ ದಿನ ಬೆಳಗ್ಗೆ ಸಾಸ್ವೆಹಳ್ಳಿಯ ಬಸ್ಸು ಹತ್ತಿದೆ.

ಅವರು ಒಬ್ಬರ ಗದ್ದೆಗೆ ನೀರು ಕಟ್ಟುತ್ತಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ನನ್ನನ್ನು ಕಂಡು ಸನಿಕೆ ಬದಿಗಿಟ್ಟು, ಬದುವಿನ ಮೇಲೆ ಟವೆಲು ಹಾಸಿ ‘ಕುಂದ್ರಿ ಮೇಷ್ಟ್ರೇ’ ಎಂದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ನಾನು ಕೆರೆಗೆ ಬಂದಿರಲಿಲ್ಲ, ಹಾಳೆ ಸುಳ್ಳು, ನೀವು ಹೇಳಿದ್ದು ನಿಜ.

‘ಗೊತ್ತಲ್ಲ’ ಎಂದರು.

‘ಗೊತ್ತಿತ್ತಾ?’

‘ಮೂರೂ ಭಾನುವಾರ ಏರಿ ಮ್ಯಾಲೆ ನಾನೇ ಕುಂತಿದ್ನಲ್ಲ ಮೇಷ್ಟ್ರೇ. ನೀವು ಬರ್ಲಿಲ್ಲ ಅನ್ನಾದು ನನಗಲ್ದೆ ಇನ್ಯಾರಿಗೆ ಗೊತ್ತಿರ್ತೈತೆ?’

‘ಅವತ್ತೇ ಹೇಳಬಹುದಿತ್ತಲ್ಲ, ಅಷ್ಟು ಜನರ ಎದುರಿಗೆ!’

ಅವರು ಗದ್ದೆಗೆ ಇಳಿಯುತ್ತಿದ್ದ ನೀರನ್ನು ನೋಡಿದರು. ‘ನೀವೇ ಹೇಳ್ತೀರಿ ಅಂತ ಕಾದೆ. ಆಮ್ಯಾಲೆ ಬ್ಯಾಡ ಅನ್ನಿಸ್ತು. ಮಗಳು ನಿಮ್ಮ ಹತ್ರ ಓದ್ತಿದ್ಲು. ಅಪ್ಪ ಕಳ್ಳ ಅಂದ್ರೂ ಹುಡುಗಿ ಹೆಂಗೋ ಓದ್ತಾಳೆ. ಮೇಷ್ಟ್ರೇ ಸುಳ್ಳ ಅಂದ್ರೆ ಯಾರ ಹತ್ರ ಓದ್ಬೇಕು?’

ಆಗ ಕೂತೆ. ಪತ್ರಿಕೆಗೆ ಬರೆಯುತ್ತೇನೆ, ಬಳಗಕ್ಕೆ ಹೇಳುತ್ತೇನೆ, ಸಮಿತಿಯವರನ್ನು ಕರೆತರುತ್ತೇನೆ ಎಂದೆಲ್ಲ ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು.

‘ಅವ್ರೆಲ್ಲ ಮರೆತಿರ್ತಾರೆ. ಒಂದು ಕೆಲಸ ಮಾಡ್ರಿ. ನನ್ನ ಮಗಳಿಗೆ ಹೇಳ್ರಿ. ಈಗ ಅವಳ ಓದು ಮುಗೀತು, ಹೊನ್ನಾಳಿ ಆಸ್ಪತ್ರೆಯಾಗೆ ನರ್ಸು. ಭಾನುವಾರ ಮನೆಯಾಗೆ ಇರ್ತಾಳೆ. ನಾನು ಹೇಳಿದ್ರೆ ನಂಬಲ್ಲ.’

ಮುಂದಿನ ಭಾನುವಾರ ಬರುತ್ತೇನೆ ಎಂದೆ.

ಮುಂದಿನ ಭಾನುವಾರ ನೆಂಟರ ಮದುವೆ. ಅದರ ಮುಂದಿನದು ಮಳೆ. ಆಮೇಲೆ ಮಂಡಿನೋವು. ಅವರಿಗೆ ಹೇಳಿ ಹಗುರಾದದ್ದೇ ಸಾಕೆನಿಸಿತ್ತೋ, ಅವಳ ಕಣ್ಣನ್ನು ಎದುರಿಸುವ ಹೆದರಿಕೆಯೋ, ಎರಡೂ. ಒಮ್ಮೆ ಅವರ ನಂಬರಿನಿಂದ ಮಿಸ್ ಕಾಲ್ ಬಂದಿತ್ತು. ನಾನು ವಾಪಸು ಮಾಡಲಿಲ್ಲ. ಭತ್ತ ಕೊಯ್ಲಿನ ಹೊತ್ತಿಗೆ, ಸಾಸ್ವೆಹಳ್ಳಿಯಿಂದ ಬಂದ ಹಾಲಿನವನ ಬಾಯಲ್ಲಿ ಸುದ್ದಿ ಕೇಳಿದೆ. ಗದ್ದೆಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಹೋಗಿ ಒಂಬತ್ತು ದಿನವಾಗಿತ್ತು.

ಆ ಭಾನುವಾರ ಹೋದೆ. ಮಗಳು ಜಗುಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ‘ಸರ್!’ ಎಂದು ಎದ್ದು ಕಾಲು ಮುಟ್ಟಲು ಬಾಗಿದಳು. ನಾನು ಹಿಂದೆ ಸರಿದೆ. ಅವಳ ತಾಯಿ ಒಳಗೆ ಮಲಗಿದ್ದರು. ನಾನು ಹೇಳಬೇಕಾದಷ್ಟನ್ನೂ ಹೇಳಿದೆ. ಗದ್ದೆಯ ಬದುವಿನ ಮೇಲೆ ಅವರಿಗೆ ಮಾತು ಕೊಟ್ಟದ್ದನ್ನೂ ಹೇಳಿದೆ, ಬಾರದೆ ಇದ್ದದ್ದನ್ನೂ ಹೇಳಿದೆ.

ಅವಳು ಅಳಲಿಲ್ಲ. ಮೊರದಲ್ಲಿದ್ದ ಅಕ್ಕಿಯನ್ನು ಸುಮ್ಮನೆ ಒಂದು ಕಡೆಗೆ ಸರಿಸುತ್ತ ಕೂತಳು.

‘ಅವು ಯಾವತ್ತು ಹೋಗಿದ್ವು ಸರ್?’

‘ಭರತ ಹುಣ್ಣಿಮೆ ಮಾರನೇ ದಿನ. ಸೋಮವಾರ ಬೆಳಗ್ಗೆ.’

‘ಅಪ್ಪನೂ ಹಂಗೇ ಅಂದಿದ್ದ.’

ಓಣಿಯಲ್ಲಿ ಯಾರೋ ಬೈಕು ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಅದು ಹತ್ತಿ ದೂರ ಹೋದ ಮೇಲೆ ಅವಳು ಮಾತಾಡಿದಳು.

‘ಆ ವರ್ಷದಿಂದ ಮನೆಗೆ ಅಪ್ಪ ಕೋಳಿ ತಂದಾಗಲೆಲ್ಲ ಕೇಳ್ತಿದ್ದೆ ಸರ್. ಇದು ಕೋಳಿನೇ ಹೌದಾ ಅಂತ. ಅಪ್ಪ ಪ್ರತಿ ಸಲ ಹೌದಮ್ಮ ಕೋಳಿನೇ ಅಂತಿದ್ದ. ಒಂದು ಸಲಾನೂ ಸಿಟ್ಟು ಮಾಡ್ಲಿಲ್ಲ. ಹೋದ ತಿಂಗಳು ಹಬ್ಬಕ್ಕೂ ಕೇಳಿದೆ.’

ಇದನ್ನೆಲ್ಲ ಬರೆದು ಪ್ರಕಟಿಸುತ್ತೇನೆ, ನಿಮ್ಮ ತಂದೆಯ ಹೆಸರಿಗೆ ಅಂಟಿದ್ದು ಹೋಗಲಿ ಎಂದೆ. ಅವಳು ಮೊರ ಎತ್ತಿಕೊಂಡು ಎದ್ದಳು. ಕೂರಿ ಎಂದಾಗಲಿ, ಚಹಾ ಕುಡಿಯಿರಿ ಎಂದಾಗಲಿ ಹೇಳಲಿಲ್ಲ.

‘ಅಪ್ಪನ ಹೆಸರು ಬ್ಯಾಡ್ರಿ. ಅದು ಒಂದು ಸಲ ಪೇಪರಿನಾಗೆ ಬಂದೈತೆ’ ಎಂದಳು. ‘ಬರಿಯಾದಿದ್ರೆ ನಿಮ್ಮ ಹೆಸರು ಹಾಕ್ರಿ.’